ಉಪ್ಪುಗಾಳಿಯ ಊರಿಗೆ ಸುರಹೊನ್ನೆ

ಚೆನ್ನೈಯ ಬೆಸೆಂಟ್ ನಗರದಿಂದ ಇಂಜಂಬಾಕ್ಕಂ ತನಕ, ಕಡಲಿಗೆ ಹತ್ತಿರದ ಬೀದಿಗಳಲ್ಲಿ ಮನೆ ಕಟ್ಟಿಸಿಕೊಂಡವರ ತೋಟದ ಕಥೆ ಹೆಚ್ಚುಕಡಿಮೆ ಒಂದೇ. ಆಸೆಯಿಂದ ಮಾವಿನ ಸಸಿ ತರುತ್ತಾರೆ, ಸಂಪಿಗೆ ತರುತ್ತಾರೆ. ಮಳೆಯಲ್ಲಿ ಚೆನ್ನಾಗಿಯೇ ಚಿಗುರಿದ್ದು ಏಪ್ರಿಲ್ ಹೊತ್ತಿಗೆ ಕಡಲ ಕಡೆಯ ಮಗ್ಗುಲಲ್ಲಿ ಕಂದತೊಡಗುತ್ತದೆ. ಮೊದಲು ಎಲೆಯ ತುದಿ, ಆಮೇಲೆ ಅಂಚು, ಕೊನೆಗೆ ಎಲೆಗೆ ಎಲೆಯೇ ಸುಟ್ಟಂತಾಗಿ ಉದುರುತ್ತದೆ. ನೀರು ಸಾಲದೇನೋ ಎಂದು ಮನೆಯವರು ಇನ್ನೆರಡು ಕೊಡ ಹೆಚ್ಚಿಗೆ ಹಾಕುತ್ತಾರೆ. ಹಾಕಿದಷ್ಟೂ ಸಸಿ ಬೇಗ ಸಾಯುತ್ತದೆ, ಏಕೆಂದರೆ ಆ ಬೋರ್ ನೀರಿನಲ್ಲೇ ಉಪ್ಪಿದೆ. ಮರಳಿನಲ್ಲಿ ಏನೂ ಬರುವುದಿಲ್ಲ ಎಂದು ತೀರ್ಮಾನಿಸಿ ಅಂಗಳಕ್ಕೆ ಟೈಲ್ಸ್ ಹಾಕಿಸಿಬಿಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಏಕೆಂದರೆ ಇದೇ ಮರಳಿನಲ್ಲಿ, ಇದೇ ಗಾಳಿಯಲ್ಲಿ, ವರ್ಷವಿಡೀ ಹಸಿರಾಗಿ, ಯಾರ ಹಂಗೂ ಇಲ್ಲದೆ ಬೆಳೆಯುವ ಮರವೊಂದು ಈ ಊರಿನದೇ ಇದೆ. ಕನ್ನಡದಲ್ಲಿ ಅದು ಸುರಹೊನ್ನೆ, ತಮಿಳಿನಲ್ಲಿ ಪುನ್ನೈ, ಸಂಸ್ಕೃತದಲ್ಲಿ ಪುನ್ನಾಗ.

ನೋಡಬೇಕಾದವರು ಮೈಲಾಪುರದ ಕಪಾಲೀಶ್ವರ ದೇವಸ್ಥಾನಕ್ಕೆ ಹೋಗಬೇಕು. ಪಾರ್ವತಿ ಶಾಪದಿಂದ ನವಿಲಾಗಿ ಹುಟ್ಟಿ ಪುನ್ನೈ ಮರದ ಕೆಳಗೆ ಶಿವನನ್ನು ಪೂಜಿಸಿದಳು ಎಂಬುದು ಆ ಸ್ಥಳದ ಪುರಾಣ. ಪ್ರಾಕಾರದಲ್ಲಿ ಪುನ್ನೈ ಮರವಿದೆ, ಅಲ್ಲೇ ನವಿಲೊಂದು ಲಿಂಗವನ್ನು ಪೂಜಿಸುವ ಪುಟ್ಟ ಗುಡಿಯೂ ಇದೆ. ಏಳನೆಯ ಶತಮಾನದ ಜ್ಞಾನಸಂಬಂಧರು ಈ ಊರಿನ ಮೇಲೆ ಹಾಡಿದ ಪೂಂಪಾವೈ ಪದಿಗಂನ ಮೊದಲ ಪದ್ಯದಲ್ಲೇ ಮೈಲಾಪುರದ ಕಡಲತೀರದ ಪುನ್ನೈ ತೋಪು ಬರುತ್ತದೆ. ಹಳೆಯ ದೇವಸ್ಥಾನ ಕಡಲ ಅಂಚಿನಲ್ಲೇ ಇತ್ತು, 16ನೇ ಶತಮಾನದಲ್ಲಿ ಪೋರ್ಚುಗೀಸರು ಬಂದ ಮೇಲೆ ಈಗಿನ ಜಾಗದಲ್ಲಿ ಮತ್ತೆ ಕಟ್ಟಿದರು ಎಂದು ನಂಬಿಕೆ. ದೇವರು ಒಳನಾಡಿಗೆ ಸರಿದರೂ ಮರವನ್ನು ಬಿಟ್ಟು ಬರಲಿಲ್ಲ.

ಮೈಲಾಪುರದಿಂದ ಉತ್ತರಕ್ಕೆ ಹೋದರೆ ತಿರುವೊಟ್ರಿಯೂರಿನ ತ್ಯಾಗರಾಜ ಸ್ವಾಮಿ ದೇವಸ್ಥಾನ. ಅಲ್ಲಿಯ ಸ್ಥಳವೃಕ್ಷ ಮಗಿಳಂ, ಅಂದರೆ ನಮ್ಮ ರಂಜೆ ಅಥವಾ ಬಕುಳ. ದಕ್ಷಿಣಕ್ಕೆ ಬಂದರೆ ತಿರುವಾನ್ಮಿಯೂರಿನ ಮರುಂದೀಶ್ವರ, ಅಲ್ಲಿಯದು ವನ್ನಿ, ನಮ್ಮ ಬನ್ನಿ. ಮೂರೂ ಕಡಲಿಗೆ ಹತ್ತಿರದ ಶಿವಾಲಯಗಳು. ಮೂರು ಮರಗಳೂ ಬರವನ್ನು ತಡೆಯುವಂಥವು, ಮರಳನ್ನೂ ಉಪ್ಪನ್ನೂ ತಮ್ಮ ತಮ್ಮ ಮಿತಿಯಲ್ಲಿ ತಾಳಿಕೊಳ್ಳುವಂಥವು. ಸ್ಥಳವೃಕ್ಷವನ್ನು ನಾವು ಭಕ್ತಿಯಿಂದ ಸುತ್ತುತ್ತೇವೆ, ಕೊಂಬೆಗೆ ಹರಕೆಯ ತೊಟ್ಟಿಲು ಕಟ್ಟುತ್ತೇವೆ. ಆದರೆ ಈ ಮಣ್ಣಿನಲ್ಲಿ ಏನು ನೆಡಬೇಕು ಎಂದು ಕೇಳಲು ನರ್ಸರಿಗೆ ಹೋಗುತ್ತೇವೆ. ಉತ್ತರ ಗುಡಿಯ ಪ್ರಾಕಾರದಲ್ಲಿ ನೂರಾರು ವರ್ಷದಿಂದ ನಿಂತಿದೆ.

ಮೂರರಲ್ಲಿ ಕಡಲಿಗೆ ತೀರ ಸಮೀಪದ ನೆಂಟ ಸುರಹೊನ್ನೆಯೇ. ಆಫ್ರಿಕಾದ ಪೂರ್ವ ತೀರದಿಂದ ಹಿಡಿದು ಭಾರತ, ಶ್ರೀಲಂಕಾ, ಮಲಯ, ಫಿಲಿಪೀನ್ಸ್ ದಾಟಿ ಪೆಸಿಫಿಕ್ ದ್ವೀಪಗಳ ತನಕ ಬಿಸಿ ಕಡಲತೀರ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇದಿದೆ. ಟಹಿಟಿಯಲ್ಲಿ ತಮಾನು, ಹವಾಯಿಯಲ್ಲಿ ಕಾಮಾನಿ, ಸೆಶೆಲ್ಸ್‌ನಲ್ಲಿ ತಕಮಾಕ. ಇದರ ಕಾಯಿ ಗುಂಡಗೆ, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರ. ತೆಳು ಸಿಪ್ಪೆಯ ಒಳಗೆ ಬೆಂಡಿನಂಥ ಪದರವಿರುವ ಓಡು. ಹಾಗಾಗಿ ನೀರಿನಲ್ಲಿ ಮುಳುಗುವುದಿಲ್ಲ, ತೇಲುತ್ತ ಹೋಗಿ ಯಾವುದೋ ತೀರಕ್ಕೆ ಹತ್ತಿ ಅಲ್ಲಿಯೇ ಮೊಳೆಯುತ್ತದೆ. ಸಮುದ್ರದ ಮೇಲೆ ಪ್ರಯಾಣ ಮಾಡಿ ಬೀಜ ಬಿತ್ತುವ ಮರಕ್ಕೆ ಉಪ್ಪು ಹೊಸತಾಗುವುದಾದರೂ ಹೇಗೆ?

ಅಂದಮಾತ್ರಕ್ಕೆ ಉಪ್ಪು ಇದಕ್ಕೆ ತಾಗುವುದೇ ಇಲ್ಲ ಎಂದಲ್ಲ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಚೆನ್ನೈಯ ಸಸಿಗಳು ಸಾಯುವುದು ಈ ವಿಷಯ ತಿಳಿಯದೆ.

ಗಿಡಕ್ಕೆ ಉಪ್ಪು ಎರಡು ದಾರಿಯಿಂದ ಬರುತ್ತದೆ. ಒಂದು ಗಾಳಿಯ ದಾರಿ. ಅಲೆ ಒಡೆದಾಗ ಏಳುವ ತುಂತುರು ಗಾಳಿಯೊಂದಿಗೆ ಒಳಗೆ ಬಂದು ಎಲೆಯ ಮೇಲೆ ಕೂರುತ್ತದೆ. ನೀರು ಆರಿದ ಮೇಲೆ ಉಪ್ಪು ಉಳಿಯುತ್ತದೆ. ತೆಳು ಎಲೆಯಾದರೆ ಅದು ಒಳಗಿಳಿದು ಅಂಚನ್ನು ಸುಡುತ್ತದೆ. ಸುರಹೊನ್ನೆಯ ಎಲೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ದಪ್ಪ, ತೊಗಲಿನಂಥ ಬಿಗಿ, ಮೇಲೆ ಮೇಣದ ಹೊಳಪು; ನಡುದಿಂಡಿನಿಂದ ಎರಡೂ ಕಡೆಗೆ ಒತ್ತೊತ್ತಾಗಿ, ಒಂದಕ್ಕೊಂದು ಸಮಾನಾಂತರವಾಗಿ ಹೊರಟ ನರಗಳು. ತುಂತುರು ಅದರ ಮೇಲೆ ನಿಲ್ಲುವುದೇ ಕಷ್ಟ, ಒಳಗಿಳಿಯುವುದು ಇನ್ನೂ ಕಷ್ಟ. ಲಿನೇಯಸ್ 1753ರಲ್ಲಿ ಈ ಕುಲಕ್ಕೆ ಕೊಟ್ಟ ಹೆಸರೂ ಎಲೆಯ ಚೆಲುವನ್ನು ನೋಡಿಯೇ ಬಂದದ್ದು. ಗಾಳಿಯ ಉಪ್ಪಿನ ಮಟ್ಟಿಗೆ ಈ ಮರದ ಬಗ್ಗೆ ಚಿಂತೆ ಬೇಡ.

ಇನ್ನೊಂದು ಬೇರಿನ ದಾರಿ. ಉಪ್ಪು ಹಾಕಿದ ಮಾವಿನ ಹೋಳು ಒಂದು ರಾತ್ರಿಯಲ್ಲಿ ನೀರು ಬಿಟ್ಟುಕೊಂಡು ಮುದುಡುವುದನ್ನು ಉಪ್ಪಿನಕಾಯಿ ಹಾಕುವವರೆಲ್ಲ ಕಂಡಿದ್ದಾರೆ. ಬೇರಿನ ಸುತ್ತ ಉಪ್ಪು ಹೆಚ್ಚಾದಾಗ ಆಗುವುದೂ ಅದೇ. ನೆಲ ಒದ್ದೆಯಾಗಿಯೇ ಇರುತ್ತದೆ, ಆದರೆ ಬೇರಿಗೆ ಆ ನೀರನ್ನು ಎಳೆದುಕೊಳ್ಳಲು ಆಗುವುದಿಲ್ಲ. ಗಿಡ ನೀರಿನ ನಡುವೆ ನಿಂತು ಬಾಯಾರಿ ಒಣಗುತ್ತದೆ. ಬೆಳೆದ ಸುರಹೊನ್ನೆಯ ಬೇರು ಆಳಕ್ಕೂ ಅಗಲಕ್ಕೂ ಹರಡಿ ಒಳ್ಳೆಯ ನೀರು ಎಲ್ಲಿದೆಯೋ ಅಲ್ಲಿಂದ ತಂದುಕೊಳ್ಳಬಲ್ಲದು. ಗೇಣುದ್ದದ ಸಸಿಗೆ ಆ ಶಕ್ತಿ ಇಲ್ಲ. ಅದರ ಬೇರೆಲ್ಲ ಮೇಲಿನ ಒಂದಡಿ ಮಣ್ಣಿನಲ್ಲೇ ಇರುತ್ತದೆ, ನಾವು ಹಾಕುವ ನೀರು ನಿಲ್ಲುವುದೂ ಅಲ್ಲಿಯೇ.

ಚೆನ್ನೈಯ ಕಡಲಂಚಿನ ಅಂತರ್ಜಲ ಮರಳಿನ ಒಡಲಲ್ಲಿ ನಿಂತ ಸಿಹಿನೀರು. ಮಳೆನೀರು ಮರಳಿನಲ್ಲಿ ಇಳಿದು, ಭಾರವಾದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಮೇಲಿಂದ ಅತಿಯಾಗಿ ಎತ್ತಿದರೆ ಕೆಳಗಿನ ಉಪ್ಪುನೀರು ಏರಿ ಬರುತ್ತದೆ, ಬದಿಯಿಂದ ಕಡಲೂ ಒಳನುಗ್ಗುತ್ತದೆ. ನಗರದ ಉತ್ತರಕ್ಕಿರುವ ಮೀಂಜೂರಿನ ಸುತ್ತ ಇದು ದಶಕಗಳ ಹಿಂದೆಯೇ ದೊಡ್ಡ ಪ್ರಮಾಣದಲ್ಲಿ ಆಯಿತು. ದಕ್ಷಿಣದ ತೀರದಲ್ಲಿ ಈಗ ಮನೆಮನೆಗೂ ಬೋರ್‌ವೆಲ್. 2019ರ ಬೇಸಗೆಯಲ್ಲಿ ನಗರಕ್ಕೆ ನೀರು ಕೊಡುವ ಕೆರೆಗಳು ಬತ್ತಿ, ಜನ ಲಾರಿ ನೀರಿಗೆ ಕಾದು ನಿಂತದ್ದು ಎಲ್ಲರಿಗೂ ನೆನಪಿದೆ. ಅಂಥ ವರ್ಷಗಳಲ್ಲಿ ಬೋರ್ ನೀರು ಬಾಯಿಗೆ ಇಡಲಾಗದಷ್ಟು ಉಪ್ಪಾಗುತ್ತದೆ. ಅದನ್ನು ತೋಟಕ್ಕೆ ಬಿಡುತ್ತಾರೆ, ಇನ್ನೆಲ್ಲಿಗೆ ಬಿಟ್ಟಾರು?

ನನ್ನ ಮಾತು ಇಷ್ಟೇ: ಕಡಲಂಚಿನ ತೋಟದಲ್ಲಿ ಗಾಳಿಯನ್ನು ತಡೆಯುವ ಮರವನ್ನು ಆರಿಸಿದರೆ ಅರ್ಧ ಕೆಲಸ ಮುಗಿಯಿತು, ಉಳಿದರ್ಧ, ಮೊದಲ ಎರಡು ಮೂರು ಬೇಸಗೆ ಆ ಸಸಿಗೆ ಎಂಥ ನೀರು ಕೊಡುತ್ತೀರಿ ಎಂಬುದು. ಈ ಉಳಿದರ್ಧವನ್ನು ಯಾರೂ ಹೇಳಿಕೊಡುವುದಿಲ್ಲ.

ನೀರನ್ನು ಅಳೆಯುವುದು ಕಷ್ಟವಲ್ಲ. ಟಿಡಿಎಸ್ ಮೀಟರ್ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕದಲ್ಲಿ ಲೀಟರಿಗೆ 500 ಮಿಲಿಗ್ರಾಂ ತನಕ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 2000ದ ತನಕ ನಡೆಯುತ್ತದೆ ಎಂದಿದೆ. ಎಳೆಯ ಸಸಿಗೂ ಇದೇ ಅಳತೆಯನ್ನು ಅಂದಾಜಿಗೆ ಇಟ್ಟುಕೊಳ್ಳಬಹುದು. ಮೀಟರು ಸಾವಿರದ ಒಳಗೆ ತೋರಿಸಿದರೆ ಧೈರ್ಯವಾಗಿ ಹಾಕಿ. ಎರಡು ಸಾವಿರ ದಾಟಿದರೆ ಸಸಿಗೆ ಆ ನೀರು ಬೇಡ, ಮಳೆನೀರಿನ ಸಂಪಿನದೋ ಮೆಟ್ರೋ ವಾಟರ್‌ನದೋ ಒಂದು ಬಕೆಟ್ ತೆಗೆದಿಡಿ. ಇನ್ನೊಂದು ಮಾತು, ಅಡುಗೆಮನೆಯ ಆರ್‌ಒ ಯಂತ್ರ ಹೊರಹಾಕುವ ನೀರು. ವ್ಯರ್ಥವಾಗಬಾರದೆಂದು ಒಳ್ಳೆಯ ಮನಸ್ಸಿನಿಂದ ಗಿಡಕ್ಕೆ ಹಾಕುವವರು ಬಹಳ. ಆ ಯಂತ್ರ ಕುಡಿಯುವ ನೀರಿನಿಂದ ತೆಗೆದ ಉಪ್ಪನ್ನೆಲ್ಲ ಈ ನೀರಿಗೆ ಸೇರಿಸಿ ಕಳಿಸಿರುತ್ತದೆ. ನೆಲ ತೊಳೆಯಲು, ಶೌಚಾಲಯಕ್ಕೆ ಅದು ಸರಿ. ಸಸಿಯ ಬುಡಕ್ಕೆ ಬೇಡ.

ಹಾಕುವ ರೀತಿಯಲ್ಲೂ ವ್ಯತ್ಯಾಸವಿದೆ. ದಿನಕ್ಕೊಂದು ಚೊಂಬು ಹಾಕಿದರೆ ಮೇಲಿನ ಮರಳಷ್ಟೇ ನೆನೆದು, ಬಿಸಿಲಿಗೆ ನೀರು ಆವಿಯಾಗಿ, ಉಪ್ಪು ಅಲ್ಲೇ ಕಟ್ಟುತ್ತದೆ. ಅದರ ಬದಲು ಎರಡು ಮೂರು ದಿನಕ್ಕೊಮ್ಮೆ ಪಾತಿ ತುಂಬ, ನೀರು ಬೇರನ್ನು ದಾಟಿ ಕೆಳಗಿಳಿಯುವಷ್ಟು ಹಾಕಬೇಕು. ಕಟ್ಟಿದ ಉಪ್ಪನ್ನು ಅದು ತನ್ನೊಂದಿಗೆ ಕೆಳಕ್ಕೆ ಒಯ್ಯುತ್ತದೆ. ಮರಳು ಮಣ್ಣಿನ ಒಂದೇ ದೊಡ್ಡ ಗುಣ ಇದು, ತೊಳೆದರೆ ತೊಳೆದುಹೋಗುತ್ತದೆ. ಪಳ್ಳಿಕರಣೈ ಜೌಗಿನ ಸುತ್ತಲಿನ ಜೇಡಿಮಣ್ಣಿನಲ್ಲಿ ಇದು ಇಷ್ಟು ಸುಲಭವಲ್ಲ.

ಇನ್ನು ನೆಡುವ ಕಾಲ. ಚೆನ್ನೈಗೆ ಬಂದು ನೆಲೆಸಿದ ಕನ್ನಡಿಗರಲ್ಲಿ, ವಿಶೇಷವಾಗಿ ಉಡುಪಿ, ಕುಂದಾಪುರ, ಕಾಸರಗೋಡಿನ ಕಡೆಯಿಂದ ಬಂದವರಲ್ಲಿ, ಸಸಿ ನೆಡುವುದೆಂದರೆ ಜೂನ್ ಎಂಬುದು ರಕ್ತಕ್ಕೆ ಇಳಿದ ಲೆಕ್ಕ. ಮಂಗಳೂರಿನ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು ನೆಲವನ್ನು ತೊಳೆದಿಡುತ್ತದೆ. ಚೆನ್ನೈಯಲ್ಲಿ ವರ್ಷದ ಮಳೆಯೆಲ್ಲ ಸೇರಿ ಸುಮಾರು 1400 ಮಿಲಿಮೀಟರ್, ಅದರಲ್ಲಿ ಹೆಚ್ಚಿನ ಪಾಲು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಈಶಾನ್ಯ ಮಾರುತದಿಂದ ಬರುವಂಥದು. ಜೂನ್‌ನಲ್ಲಿ ಇಲ್ಲಿ ಇನ್ನೂ ಕಡುಬೇಸಗೆ. ಆಗ ನೆಟ್ಟ ಸಸಿ ನಾಲ್ಕು ತಿಂಗಳು ಬೋರ್ ನೀರಿನ ಮೇಲೆಯೇ ಬದುಕಬೇಕಾಗುತ್ತದೆ. ಆದ್ದರಿಂದ ಊರಿನ ಪಂಚಾಂಗವನ್ನು ಇಲ್ಲಿಗೆ ತರಬೇಡಿ. ಅಕ್ಟೋಬರ್‌ನಲ್ಲಿ ಮೊದಲ ಎರಡು ಒಳ್ಳೆಯ ಮಳೆ ಬಿದ್ದು, ಮರಳಿನ ಉಪ್ಪು ತೊಳೆದುಹೋದ ಮೇಲೆ ನೆಡಿ. ಬೇರು ಹಿಡಿಯಲು ಮೂರು ತಿಂಗಳ ಸಿಹಿನೀರು ಆಕಾಶದಿಂದಲೇ ಸಿಗುತ್ತದೆ. ಜನವರಿ ಹೊತ್ತಿಗೆ ಸಸಿ ನಿಮ್ಮನ್ನು ಅಷ್ಟಾಗಿ ನೆಚ್ಚಿಕೊಂಡಿರುವುದಿಲ್ಲ.

ಸಸಿ ಕೊಳ್ಳುವಾಗ ಒಂದು ಎಚ್ಚರ. ತಮಿಳಿನ ಪುನ್ನೈ ಮತ್ತು ಪುಂಗೈ, ಕನ್ನಡದ ಹೊನ್ನೆ ಮತ್ತು ಹೊಂಗೆ, ಗಲಾಟೆಯ ನರ್ಸರಿಯಲ್ಲಿ ಒಂದಕ್ಕೊಂದು ಸುಲಭವಾಗಿ ಬದಲಾಗುತ್ತವೆ. ಹೊಂಗೆಯೂ ಒಳ್ಳೆಯ ಮರವೇ, ಆದರೆ ನಿಮಗೆ ಬೇಕಾದದ್ದು ಅದಲ್ಲ. ಹಾಗೆಯೇ ಮಲೆನಾಡಿನವರು ಹೊನ್ನೆ ಎಂದು ಕರೆಯುವ ಮರಮುಟ್ಟಿನ ಮರವೂ ಬೇರೆ, ಅದು ಎಲೆ ಉದುರಿಸುವ ಜಾತಿ. ಎಲೆ ನೋಡಿ ತನ್ನಿ: ಎದುರುಬದುರಾಗಿ ಕೂತ ದಪ್ಪ ಬಿಡಿ ಎಲೆ, ಬೆಳಕಿಗೆ ಹಿಡಿದರೆ ಬಾಚಣಿಗೆಯ ಹಲ್ಲುಗಳಷ್ಟು ಒತ್ತಾದ ನರಗಳು. ಹೊಂಗೆಯ ಎಲೆಯಾದರೆ ಒಂದೇ ತೊಟ್ಟಿನಲ್ಲಿ ಐದೋ ಏಳೋ ಚಿಕ್ಕ ಎಲೆಗಳು. ಒಮ್ಮೆ ನೋಡಿದವರಿಗೆ ಮತ್ತೆ ಗೊಂದಲವಾಗುವುದಿಲ್ಲ.

ಗುಂಡಿ ಎರಡಡಿ ಅಗಲ, ಎರಡಡಿ ಆಳ ಸಾಕು. ಕಡಲಂಚಿನ ಮರಳು ಕುಸಿಯುತ್ತದೆ, ಹಾಗಾಗಿ ತೆಗೆದ ದಿನವೇ ತುಂಬಬೇಕು. ತೆಗೆದ ಮರಳಿಗೆ ಅದರ ಮೂರನೇ ಒಂದು ಪಾಲಿನಷ್ಟು ಕೆಂಪುಮಣ್ಣು ಮತ್ತು ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ. ಗುಂಡಿಯ ಪೂರ್ತಿ ಗೊಬ್ಬರ ತುಂಬುವವರಿದ್ದಾರೆ. ಅದು ಬೇಡ, ಬೇರು ಆ ಮೆತ್ತನೆಯ ಗುಂಡಿ ಬಿಟ್ಟು ಹೊರಗೆ ಹೋಗುವುದಿಲ್ಲ, ಮುಂದೆ ಗಾಳಿಗೆ ನಿಲ್ಲುವುದಿಲ್ಲ. ತೇವ ಹಿಡಿಯಲಿ ಎಂದು ತೆಂಗಿನ ನಾರಿನ ಪುಡಿ ಹಾಕುವುದಾದರೆ ಮೊದಲು ಒಳ್ಳೆಯ ನೀರಿನಲ್ಲಿ ನೆನೆಸಿ, ಹಿಂಡಿ, ಮತ್ತೆ ತೊಳೆಯಿರಿ. ಉಪ್ಪುನೀರಿನ ಹಿನ್ನೀರಿನಲ್ಲಿ ಕೊಳೆಹಾಕಿದ ನಾರಿನ ಪುಡಿಯಲ್ಲಿ ಬೇಕಾದಷ್ಟು ಉಪ್ಪಿರುತ್ತದೆ. ಉಪ್ಪನ್ನು ತಪ್ಪಿಸಲು ಹೋಗಿ ಉಪ್ಪನ್ನೇ ತಂದು ಬುಡಕ್ಕೆ ಸುರಿದಂತಾಗಬಾರದು.

ಬುಡದ ಸುತ್ತ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ. ಚೆನ್ನೈಯ ಮೇ ತಿಂಗಳಿನ ಬಿಸಿಲಿಗೆ ಬರಿಯ ಮರಳು ಕಾಲಿಡಲಾಗದಷ್ಟು ಕಾಯುತ್ತದೆ, ಮೇಲಿನ ಬೇರುಗಳು ಬೇಯುತ್ತವೆ. ತರಗೆಲೆ ಅದನ್ನೂ ತಡೆಯುತ್ತದೆ, ನೀರು ಆವಿಯಾಗಿ ಉಪ್ಪು ಮೇಲೇರುವುದನ್ನೂ ತಡೆಯುತ್ತದೆ. ಊರುಗೋಲು ಕೊಟ್ಟರೆ ದಾರವನ್ನು ಸಡಿಲವಾಗಿ ಕಟ್ಟಿ. ಗಾಳಿಗೆ ಸ್ವಲ್ಪ ಅಲ್ಲಾಡಿದ ಕಾಂಡವೇ ಬುಡ ದಪ್ಪ ಮಾಡಿಕೊಳ್ಳುತ್ತದೆ. ಕೆಳಗಿನ ಕೊಂಬೆಗಳನ್ನು ಬೇಗ ಕತ್ತರಿಸುವ ಹವ್ಯಾಸ ನಮ್ಮಲ್ಲಿ ಬಹಳ, ಮರ ಬೇಗ ಎತ್ತರವಾಗಲಿ ಎಂಬ ಅವಸರ. ಸುರಹೊನ್ನೆ ಸ್ವಭಾವದಿಂದಲೇ ಕೆಳಗಿನಿಂದ ಕವಲೊಡೆದು ಅಗಲವಾಗಿ ಹರಡುವ ಮರ. ಕಡಲ ಕಡೆಗೆ ಬಾಗಿ, ಕೊಂಬೆಗಳನ್ನು ನೆಲಕ್ಕೆ ಚಾಚಿ ನಿಲ್ಲುವುದು ಅದರ ನಿಲುವು. ಭಾರ ಕೆಳಗಿದ್ದಷ್ಟೂ ಬಿರುಗಾಳಿಗೆ ಒಳ್ಳೆಯದು.

ಬಿರುಗಾಳಿಯ ಮಾತು ಬಂದಾಗ 2016ರ ಡಿಸೆಂಬರ್ 12ನ್ನು ಬಿಟ್ಟು ಮುಂದೆ ಹೋಗಲಾಗದು. ಅಂದು ವರ್ದಾ ಚಂಡಮಾರುತ ಚೆನ್ನೈಯನ್ನೇ ಹಾದು ನೆಲಕ್ಕೆ ಬಂತು. ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ಗಾಳಿ. ಒಂದೇ ಮಧ್ಯಾಹ್ನದಲ್ಲಿ ನಗರದ ಸಾವಿರಾರು ಮರಗಳು ಬಿದ್ದವು, ಗಿಂಡಿಯ ಕಾಡು, ವಂಡಲೂರಿನ ಪ್ರಾಣಿಸಂಗ್ರಹಾಲಯ ಎರಡೂ ಛಿದ್ರವಾದವು. ಬೀದಿಯಲ್ಲಿ ಬಿದ್ದ ಮರಗಳಲ್ಲಿ ಎದ್ದು ಕಂಡದ್ದು ಗುಲ್‌ಮೊಹರ್, ಹಳದಿ ತುರಾಯಿ, ಮಳೆಮರ. ಒಂದು ಮಡಗಾಸ್ಕರಿನದು, ಇನ್ನೊಂದು ಅಮೆರಿಕ ಖಂಡದ್ದು, ಹೀಗೆ ಎಲ್ಲಿಂದಲೋ ತಂದು ಬೇಗ ನೆರಳು ಕೊಡುತ್ತವೆಂದು ಬೀದಿಬೀದಿಗೆ ನೆಟ್ಟವು. ಬೇಗ ಬೆಳೆದ ಮರದ ಕಾಂಡ ಮೆದು, ತಲೆ ಭಾರ. ಡಾಂಬರಿನ ನಡುವಿನ ಚೌಕದಲ್ಲಿ ಬೇರಿಗೆ ಹರಡಲು ಜಾಗವಿಲ್ಲ. ಆ ವಾರ ನಗರದ ತುಂಬ ಮರ ಕೊಯ್ಯುವ ಸದ್ದು. ಆಮೇಲೆ ಮತ್ತೆ ಬೇಗ ಬೆಳೆಯುವ ಸಸಿಗಳನ್ನೇ ತಂದು ನೆಟ್ಟವರೂ ಇದ್ದಾರೆ ಎಂಬುದು ನನಗೆ ಇನ್ನೂ ಅರಗದ ಸಂಗತಿ.

ಬೇಗ ಬೆಳೆಯುವ, ಉಪ್ಪು ತಾಳುವ, ಸದಾ ಹಸಿರಾಗಿರುವ ಮರ ಎಂಬ ಹೆಸರಿನಲ್ಲಿ ಈಚೆಗೆ ಊರೂರಿಗೆ ಬಂದದ್ದು ಕೋನೋಕಾರ್ಪಸ್. ಮೂರು ವರ್ಷಕ್ಕೆ ಗೋಡೆಯಂತೆ ನಿಲ್ಲುತ್ತದೆ ನಿಜ. ಆದರೆ ಅದರ ಬೇರು ನೀರಿನ ಪೈಪು, ಒಳಚರಂಡಿಗಳಿಗೆ ನುಗ್ಗುತ್ತದೆ, ಹೂವಿನ ಪರಾಗ ಉಸಿರಿನ ತೊಂದರೆ ತರುತ್ತದೆ ಎಂಬ ದೂರುಗಳ ಮೇಲೆ ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನು ನಿಷೇಧಿಸಿತು, ಆಮೇಲೆ ತಮಿಳುನಾಡೂ ಅದೇ ದಾರಿ ಹಿಡಿಯಿತು. ಇನ್ನು ಗಾಳಿಮರ. ನಮ್ಮ ಕಾರವಾರದ ಕಡಲಂಚಿನಲ್ಲಿ 19ನೇ ಶತಮಾನದ ಉತ್ತರಾರ್ಧದಲ್ಲೇ ಉರುವಲಿಗೆಂದು ಬೆಳೆಸಿದ ಈ ಮರ ಇವತ್ತು ಎರಡೂ ಕರಾವಳಿಗಳ ಗುರುತಾಗಿದೆ; 2004ರ ಸುನಾಮಿಯ ನಂತರ ತಮಿಳುನಾಡಿನ ತೀರದುದ್ದಕ್ಕೂ ಮತ್ತಷ್ಟು ನೆಟ್ಟರು. ಗಾಳಿ ತಡೆಯುತ್ತದೆ, ಸೌದೆ ಕೊಡುತ್ತದೆ, ಮೀನುಗಾರರ ಹಳ್ಳಿಗಳಿಗೆ ಅದರ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಮನೆಯ ತೋಟಕ್ಕೆ ಮಾತ್ರ ಅದು ಹೊಂದುವುದಿಲ್ಲ. ಅದರ ಸೂಜಿಯಂಥ ಕಸದ ಹಾಸಿನಡಿ ಬೇರೇನೂ ಮೊಳೆಯಲು ಕಷ್ಟ.

ಸುರಹೊನ್ನೆ ಇವೆರಡರಂತೆ ಅವಸರದ ಮರವಲ್ಲ, ಇದನ್ನು ಮೊದಲೇ ತಿಳಿದುಕೊಂಡು ನೆಡಬೇಕು. ಒಳ್ಳೆಯ ಜಾಗದಲ್ಲಿ ಎಳವೆಯಲ್ಲಿ ವರ್ಷಕ್ಕೆ ಮೀಟರಿನ ಹತ್ತಿರ ಏರಬಹುದು, ಬಡ ಮರಳಿನಲ್ಲಿ ಅದರ ಅರ್ಧವೂ ಇಲ್ಲ. ಹೂವಿಗೆ ಏಳೆಂಟು ವರ್ಷ ಕಾಯಬೇಕು. ಕಾದವರಿಗೆ ಸಿಗುವುದೇನು? ಬಿಳಿಯ ನಾಲ್ಕೆಸಳು, ನಡುವೆ ಹಳದಿ ಕೇಸರಗಳ ಗುಂಪು, ಗೊಂಚಲು ಗೊಂಚಲಾಗಿ ಅರಳಿ, ಬೆಳಗಿನ ಹೊತ್ತು ಬೀದಿಯ ತುದಿಗೂ ಮುಟ್ಟುವ ನವಿರಾದ ಪರಿಮಳ. ಜೇನುನೊಣಗಳಿಗೆ ಹಬ್ಬ. ಸಂಗಂ ಕಾಲದ ತಮಿಳು ಕವಿಗಳು ಕಡಲತೀರದ ಪ್ರೇಮವನ್ನು ಹಾಡುವಾಗಲೆಲ್ಲ ಈ ಮರದ ನೆರಳನ್ನೇ ಹುಡುಕಿದ್ದಾರೆ. ನಟ್ರಿಣೈ ಸಂಕಲನದ 172ನೇ ಪದ್ಯವಂತೂ ತೋಟ ಮಾಡುವವರೆಲ್ಲ ಓದಬೇಕಾದದ್ದು. ಹುಡುಗಿಯರು ಆಟವಾಡುತ್ತ ಪುನ್ನೈ ಬೀಜವನ್ನು ಬಿಳಿ ಮರಳಿನಲ್ಲಿ ಹೂತಿಟ್ಟು ಮರೆತುಬಿಡುತ್ತಾರೆ. ಅದು ತಾನಾಗಿ ಮೊಳೆತು, ಅವರ ಆರೈಕೆಯಲ್ಲಿ ಮರವಾಗುತ್ತದೆ. ಇದು ನಿಮ್ಮ ಒಡಹುಟ್ಟಿದವಳು ಎಂದು ತಾಯಿ ಹೇಳಿಕೊಟ್ಟಿದ್ದಾಳೆ. ಹಾಗಾಗಿ ಅದರ ಕೆಳಗೆ ನಿಂತು ಪ್ರಿಯನೊಡನೆ ನಗಲು ಅವರಿಗೆ ನಾಚಿಕೆ. ಹೂತು ಮರೆತ ಮೇಲೆ ಮೊಳೆಯಿತು ಎಂಬುದು ಸುಮ್ಮನೆ ಕವಿಯ ಕಲ್ಪನೆಯಲ್ಲ, ಈ ಬೀಜದ ನಡತೆಯೇ ಅದು. ಆ ಮಾತಿಗೆ ಈಗ ಬರುತ್ತೇನೆ.

ಅದಕ್ಕೆ ಮೊದಲು ಜಾಗದ ಲೆಕ್ಕ. ಚೆನ್ನೈಯಲ್ಲಿ ನಿವೇಶನವನ್ನು ಗ್ರೌಂಡ್‌ನಲ್ಲಿ ಅಳೆಯುತ್ತಾರೆ, ಒಂದು ಗ್ರೌಂಡ್ ಅಂದರೆ 2400 ಚದರಡಿ. ಅರ್ಧ ಗ್ರೌಂಡಿನಲ್ಲಿ ಮನೆ ಕಟ್ಟಿ ಉಳಿದ ಮೂರಡಿ ಓಣಿಯಲ್ಲಿ ಸುರಹೊನ್ನೆ ನೆಟ್ಟರೆ ಮರಕ್ಕೂ ಕಷ್ಟ, ಗೋಡೆಗೂ ಕಷ್ಟ. ಗೋಡೆಯಿಂದ ಕನಿಷ್ಠ 15-20 ಅಡಿ ದೂರ ಬೇಕು, ಕೊಂಬೆಗಳು ಅದಕ್ಕಿಂತ ಹೆಚ್ಚು ಹರಡುತ್ತವೆ. ಅಷ್ಟು ಜಾಗವಿಲ್ಲದವರು ರಂಜೆ ನೆಡಲಿ. ಅದೂ ನಿತ್ಯಹಸಿರು, ನಕ್ಷತ್ರದಂಥ ಹೂವು, ಕತ್ತರಿಸಿದಂತೆ ನಿಲ್ಲುವ ವಿನಯ. ಕಡಲಿನಿಂದ ಒಂದೆರಡು ಬೀದಿ ಹಿಂದಿದ್ದರೆ ಇನ್ನೂ ಒಳ್ಳೆಯದು. ಅಲೆಗೆ ಇನ್ನಷ್ಟು ಹತ್ತಿರವಿದ್ದರೆ ಹೂವರಸಿ, ತಮಿಳಿನ ಪೂವರಸು. ಕೊಂಬೆ ಮುರಿದು ನೆಟ್ಟರೂ ಬೇರು ಬಿಡುತ್ತದೆ, ಹೃದಯದಾಕಾರದ ಎಲೆ, ಬೆಳಿಗ್ಗೆ ಹಳದಿಯಾಗಿ ಅರಳಿ ಬಾಡುವಾಗ ಕೆಂಪಾಗುವ ಹೂವು. ಸುರಹೊನ್ನೆಗೆ ಸರಿಯಾದ ಜಾಗ ಅಪಾರ್ಟ್‌ಮೆಂಟುಗಳ ಕಡಲ ಕಡೆಯ ತೆರೆದ ಮೂಲೆ, ಶಾಲೆಯ ಆಟದ ಬಯಲಿನ ಅಂಚು, ದೇವಸ್ಥಾನದ ನಂದನವನ. ಅಲ್ಲಿಯೂ ಮೂರನ್ನು ಬೆರೆಸಿ ನೆಡುವುದೇ ಲೇಸು. ಸೆಶೆಲ್ಸ್ ದ್ವೀಪಗಳಲ್ಲಿ ತೊಗಟೆಯ ಕೀಟವೊಂದು ಹರಡಿದ ಶಿಲೀಂಧ್ರ ರೋಗದಿಂದ ತಕಮಾಕ ಮರಗಳು ಸಾಲುಸಾಲಾಗಿ ಒಣಗಿದ ಉದಾಹರಣೆ ನಮ್ಮ ಮುಂದಿದೆ. ಒಂದೇ ಜಾತಿಯ ಸಾಲು ಎಲ್ಲಿದ್ದರೂ ಅಪಾಯವೇ.

ಕಾಲುದಾರಿಯ ಮೇಲೆ ಬೇಡ. ಗುಂಡಗಿನ ಗಟ್ಟಿ ಕಾಯಿಗಳು ಉದುರಿ ಕಾಲಡಿಗೆ ಸಿಕ್ಕರೆ ವಯಸ್ಸಾದವರು ಜಾರಿ ಬೀಳುತ್ತಾರೆ. ಮಕ್ಕಳಿಗೂ ಒಂದು ಮಾತು ಹೇಳಿಡಬೇಕು, ಕಾಯಿಯಾಗಲಿ ಬೀಜವಾಗಲಿ ತಿನ್ನುವಂಥದಲ್ಲ, ವಿಷ. ಎಲೆ ಕಿತ್ತಾಗ, ಕೊಂಬೆ ಕಡಿದಾಗ ಬರುವ ಹಾಲು ಕಣ್ಣಿಗೆ ತಾಗಬಾರದು. ಬಾವಲಿಗಳು ಮಾತ್ರ ಹಣ್ಣಿನ ತೆಳು ಸಿಪ್ಪೆಯನ್ನು ತಿಂದು ಬೀಜವನ್ನು ಅಲ್ಲಲ್ಲಿ ಬೀಳಿಸಿ ಹೋಗುತ್ತವೆ. ರಾತ್ರಿ ಅವುಗಳ ಗದ್ದಲಕ್ಕೆ ಬೇಸರಿಸಿ ಮರ ಕಡಿಸಲು ಹೊರಡುವವರಿಗೆ ನನ್ನ ವಿನಂತಿ, ಹಣ್ಣಿನ ಕಾಲ ಕೆಲವೇ ವಾರ, ಸಹಿಸಿಕೊಳ್ಳಿ.

ತಿನ್ನಲಾಗದ ಈ ಬೀಜಕ್ಕೆ ನಮ್ಮ ಕರಾವಳಿಯಲ್ಲಿ ಒಂದು ಕಾಲಕ್ಕೆ ಇದ್ದ ಬೆಲೆ ಇಂದಿನವರಿಗೆ ಗೊತ್ತಿಲ್ಲ. ಒಣಗಿದ ತಿರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಸೀಮೆಎಣ್ಣೆ, ವಿದ್ಯುತ್ತು ಬರುವ ಮೊದಲು ಉಡುಪಿ, ಉತ್ತರ ಕನ್ನಡದ ಮನೆಗಳಲ್ಲಿ ಉರಿದದ್ದು ಹೊನ್ನೆಣ್ಣೆಯ ದೀಪ. ಹೊಗೆ ಹೆಚ್ಚು, ವಾಸನೆ ಕಟು, ಆದರೆ ಕಾಯಿ ಆರಿಸಿ ತಂದರೆ ಸಾಕು, ಕಾಸು ಬೇಡ. ಕೀಲುನೋವಿಗೆ, ಚರ್ಮದ ಹುಣ್ಣಿಗೆ ಅದನ್ನೇ ಹಚ್ಚುತ್ತಿದ್ದರು, ದೋಣಿಯ ಸಂದು ಮುಚ್ಚಲು ಬಳಸುತ್ತಿದ್ದರು. ಅದೇ ಎಣ್ಣೆ ಇವತ್ತು ಟಹಿಟಿಯ ಹೆಸರಿನಲ್ಲಿ ಚಿಕ್ಕ ಬಾಟಲಿಯೊಳಗೆ ಸೌಂದರ್ಯ ಸಾಧನವಾಗಿ ಬರುತ್ತದೆ. ಇದರಿಂದ ಜೈವಿಕ ಡೀಸೆಲ್ ಮಾಡುವ ಪ್ರಯೋಗಗಳು ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ನಡೆದಿವೆ. ಮನೆಯ ಒಂದೆರಡು ಮರದಿಂದ ಎಣ್ಣೆ ಮಾಡುತ್ತೇನೆ ಎಂದು ಹೊರಡುವುದು ಬೇಡ, ಆದರೆ ಬಿದ್ದ ಕಾಯಿಯನ್ನು ಕಸದ ಗಾಡಿಗೆ ಹಾಕುವ ಮೊದಲು ಒಂದು ಬುಟ್ಟಿ ಬೀಜವನ್ನು ತೆಗೆದಿಟ್ಟುಕೊಳ್ಳಿ.

ಈ ಬೀಜದ ನಡತೆಯನ್ನು ಹೇಳುತ್ತೇನೆ ಎಂದೆನಲ್ಲ. ಓಡಿನ ಸಮೇತ ಹೂತರೆ ಮೊಳಕೆಗೆ ಹತ್ತಿರ ಹತ್ತಿರ ಎರಡು ತಿಂಗಳು ಬೇಕು. ಅಷ್ಟರಲ್ಲಿ ಬಹಳ ಮಂದಿ ಬೀಜ ಕೊಳೆತಿದೆ ಎಂದು ಕುಂಡವನ್ನು ಬರಿದು ಮಾಡಿಬಿಡುತ್ತಾರೆ. ಕಲ್ಲಿನಿಂದ ಮೆಲ್ಲನೆ ತಟ್ಟಿ ಓಡನ್ನು ಬಿರಿಸಿದರೆ ಒಂದು ತಿಂಗಳ ಮೇಲೆ ಚಿಲ್ಲರೆ ದಿನ. ಒಳಗಿನ ತಿರುಳಿಗೆ ಪೆಟ್ಟಾಗದಂತೆ ಓಡನ್ನು ಪೂರ್ತಿ ಬಿಡಿಸಿದರೆ ಮೂರು ವಾರಕ್ಕೆಲ್ಲ ಮೊಳಕೆ ಬರುತ್ತದೆ, ಬರುವ ಬೀಜಗಳ ಸಂಖ್ಯೆಯೂ ಹೆಚ್ಚು. ಮರದಡಿಯಿಂದ ಆರಿಸುವಾಗ ಹಳದಿಗೆ ತಿರುಗಿ ಸಿಪ್ಪೆ ಸುಕ್ಕುಗಟ್ಟುತ್ತಿರುವ ಹೊಸ ಕಾಯಿ ನೋಡಿ. ಅಲ್ಲಾಡಿಸಿದರೆ ಗಲಗಲ ಎನ್ನುವ ಹಳೆಯ ಕಾಯಿಯ ತಿರುಳು ಒಣಗಿ ಹೋಗಿರುತ್ತದೆ. ಸಿಪ್ಪೆ ಸುಲಿದು, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮರಳು ಮತ್ತು ಕಾಂಪೋಸ್ಟ್ ಸಮಸಮ ಬೆರೆಸಿದ ಉದ್ದನೆಯ ಚೀಲದಲ್ಲಿ ಒಂದಂಗುಲ ಆಳಕ್ಕೆ ಊರಿ. ಬೇರು ಬೇಗ ಕೆಳಗಿಳಿಯುವುದರಿಂದ ಗಿಡ್ಡ ಕುಂಡದಲ್ಲಿ ಅದು ಸುತ್ತಿಕೊಳ್ಳುತ್ತದೆ, ಹಾಗೆ ಸುತ್ತಿದ ಬೇರಿನ ಸಸಿ ಮುಂದೆ ಗಾಳಿಗೆ ನಿಲ್ಲದು. ಅರೆನೆರಳಿನಲ್ಲಿಡಿ, ಒಳ್ಳೆಯ ನೀರು ಕೊಡಿ, ಆರು ತಿಂಗಳ ಮೇಲೆ ನಿಧಾನವಾಗಿ ಬಿಸಿಲಿಗೂ ಕಡಲಗಾಳಿಗೂ ಸರಿಸಿ. ಈ ವರ್ಷ ಬಿತ್ತಿದ ಬೀಜ ಮುಂದಿನ ಅಕ್ಟೋಬರ್ ಹೊತ್ತಿಗೆ ಅಡಿ, ಒಂದೂವರೆ ಅಡಿಯ ಸಸಿಯಾಗಿ ನೆಲಕ್ಕೆ ಸಿದ್ಧವಾಗಿರುತ್ತದೆ. ಒಂದಕ್ಕೆ ನಾಲ್ಕು ಬಿತ್ತಿಡಿ. ನಿಮ್ಮ ಅಂಗಳಕ್ಕೆ ಒಂದು ಸಾಕಾದರೂ, ಉಳಿದ ಮೂರಕ್ಕೆ ಬೀದಿಯಲ್ಲಿ ಕೇಳುವವರು ಇದ್ದೇ ಇರುತ್ತಾರೆ.